ಹತ್ತರಲ್ಲೊಂದು ಬಿಸಿ

ಸಕ್ಕರೆ ಕಾಯಿಲೆ ಹಳತಾದವರ ಪಾದಕ್ಕೂ ಬೆರಳಿಗೂ ಬಿಸಿ, ಚುಚ್ಚು, ಉಜ್ಜು ಒಂದೂ ತಿಳಿಯದೆ ಹೋಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆ ತಿಳಿಯದ ನೋವನ್ನು ಇನ್ನೊಬ್ಬರ ಮೈಗೆ ಸಾಗಿಸಬಹುದು ಎಂದು ಯಾರಿಗೋ ಹೊಳೆದದ್ದು ಮಾತ್ರ ಹೊಸದು. ಹೊಳೆದ ಮೂರು ವರ್ಷಕ್ಕೆ ಜಿಲ್ಲೆಗೊಂದು ನಿಗಾ ಕೇಂದ್ರ ಬಂತು.

ಮೊದಲು ಯಂತ್ರವನ್ನೇ ಕಾವಲಿಗಿಟ್ಟಿದ್ದರು. ಕಾಲಿಗೆ ಮುಳ್ಳು ಚುಚ್ಚಿದರೆ ಫೋನು ಕೂಗಿಕೊಳ್ಳುತ್ತಿತ್ತು. ಜನ ಎರಡು ವಾರ ಬೆಚ್ಚಿದರು. ಮೂರನೆಯ ವಾರ ಫೋನಿನ ಸದ್ದು ಅಡಗಿಸಿ ಬರಿಗಾಲಲ್ಲೇ ಅಂಗಡಿಗೆ ಹೊರಟರು. ತನ್ನದೇ ಆದರೂ ನೋಯದ ಕಾಲನ್ನು ಯಾರು ಮಾತಾಡಿಸುತ್ತಾರೆ? ಆಮೇಲೆ ಯಂತ್ರದ ಜಾಗದಲ್ಲಿ ಮನುಷ್ಯರನ್ನು ಕೂರಿಸಿದರು. ‘ನೀವು ಬರಿಗಾಲಲ್ಲಿ ನಡೆದರೆ ನಮ್ಮ ಕೇಂದ್ರದ ಹೆಣ್ಣುಮಗಳೊಬ್ಬಳಿಗೆ ಕಲ್ಲು ಒತ್ತುತ್ತದೆ’ ಎಂದು ಚೀಟಿ ಹಂಚಿದರು. ಡಾಕ್ಟರು ಕೈಮುಗಿದು ಕೇಳಿದರೂ ಚಪ್ಪಲಿ ಮುಟ್ಟದಿದ್ದ ಮುದುಕರು ಆಗ ಹಿತ್ತಲಿಗೂ ಚಪ್ಪಲಿ ಮೆಟ್ಟಿಕೊಂಡು ಹೋಗತೊಡಗಿದರು. ಮಾಡಿದ್ದುಣ್ಣೋ ಮಹರಾಯ ಎಂಬ ಮಾತು ಹಳತಾಗಿ, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಉಣ್ಣುವ ಕಾಲ ಬಂತು. ಅದರಿಂದ ಒಳ್ಳೆಯದೇ ಆಯಿತು ಅನ್ನಬೇಕು. ಎರಡೇ ವರ್ಷದಲ್ಲಿ ಕಾಲು ಕತ್ತರಿಸುವ ಆಪರೇಷನ್ನುಗಳು ಅರ್ಧಕ್ಕಿಳಿದವು.

ಅಂಬುಜಾ ಇಂಥದೊಂದು ಕೇಂದ್ರದಲ್ಲಿ ನಿಗಾ ಸಹಾಯಕಿ. ಊರವರ ಬಾಯಲ್ಲಿ ‘ನೋವು ತಿನ್ನೋಳು’. ಕಾಯಿಲೆಯವರ ಅಂಗೈ ಅಂಗಾಲಿಗೆ ಆಸ್ಪತ್ರೆಯಲ್ಲಿ ಪೊರೆಯೊಂದನ್ನು ಬಳಿಯುತ್ತಾರೆ. ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು, ತಿಂಗಳಿಗೊಮ್ಮೆ ಹೊಸದು. ಒತ್ತಿದ್ದು, ಸುಟ್ಟದ್ದು, ತಣ್ಣಗಾದದ್ದು ಎಲ್ಲವನ್ನೂ ಅದು ಅಳೆದು ಮಣಿಕಟ್ಟಿನ ಪಟ್ಟಿಗೆ ಕೊಡುತ್ತದೆ, ಪಟ್ಟಿ ಕೇಂದ್ರಕ್ಕೆ ಕಳಿಸುತ್ತದೆ. ಅಲ್ಲಿ ಅಂಬುಜಾ ಬೂದು ಬಣ್ಣದ ಕೈಗವಸು, ಕಾಲುಚೀಲ ತೊಟ್ಟು ಕೂತರೆ ಆರು ಜನರ ಕೈಕಾಲು ಸರದಿಯ ಮೇಲೆ ಅವಳದಾಗುತ್ತವೆ. ಒಬ್ಬರ ಸರದಿ ನಡೆಯುವಾಗ ಇನ್ನೊಬ್ಬರು ಏನಾದರೂ ತುಳಿದರೆ ಯಂತ್ರ ಅದನ್ನು ನಡುವೆ ನುಗ್ಗಿಸುತ್ತದೆ. ಅನಿಸಿದ್ದನ್ನು ಎದುರಿನ ಪರದೆಯ ಮೇಲೆ ಗುರುತು ಹಾಕುವುದು ಅವಳ ಕೆಲಸ: ಬಿಸಿ, ಒತ್ತು, ಚುಚ್ಚು, ಉಜ್ಜು.

ಆರು ಜನರಲ್ಲಿ ಯಾರ ಹೆಸರೂ ಅವಳಿಗೆ ತಿಳಿಯಕೂಡದು. ಹೆಸರು ತಿಳಿದರೆ ಕರುಣೆ ಬರುತ್ತದೆ, ಕರುಣೆ ಬಂದರೆ ಅಳತೆ ತಪ್ಪುತ್ತದೆ ಎಂದು ಮೇಲ್ವಿಚಾರಕ ಫಾಲಾಕ್ಷ ತರಬೇತಿಯ ಮೊದಲ ದಿನವೇ ಹೇಳಿದ್ದ. ಹೆಸರಿಲ್ಲದಿದ್ದರೇನು, ಪಾದಗಳು ಮಾತಾಡುತ್ತವೆ. ಒಂದನೆಯವರು ಮೊಸಾಯಿಕ್ ನೆಲದ ಮೇಲೆ ಅತ್ತಿಂದಿತ್ತ ಅಲೆಯುವ ಮನುಷ್ಯ. ಮೂರನೆಯವರು ಊಟವಾದ ಮೇಲೆ ನಾಯಿಯ ಬೆನ್ನಿನ ಮೇಲೆ ಕಾಲಿಟ್ಟು ಕೂರುತ್ತಾರೆ. ನಾಲ್ಕನೆಯವರು ದಿನವೂ ಅದೇ ಹಾದಿ ನಡೆದು ಅವೇ ಮೆಟ್ಟಿಲು ಹತ್ತಿಳಿಯುತ್ತಾರೆ; ಪೋಸ್ಟ್‌ಮ್ಯಾನ್ ಇರಬೇಕು.

ಇನ್ನೊಂದು ಸಂಗತಿಯುಂಟು. ಬರುವ ನೋವು ಪೂರ್ತಿ ಬರುವುದಿಲ್ಲ, ಹತ್ತರಲ್ಲೊಂದು ಪಾಲಷ್ಟೇ. ಪೂರ್ತಿ ಬಿಟ್ಟರೆ ಸಹಾಯಕಿಯರೇ ವಾರದೊಳಗೆ ಆಸ್ಪತ್ರೆ ಸೇರುತ್ತಿದ್ದರು. ಇದನ್ನು ಮಾತ್ರ ಚೀಟಿಯಲ್ಲಿ ಅಚ್ಚು ಹಾಕಿಸಿರಲಿಲ್ಲ. “ಹತ್ತರಲ್ಲೊಂದು ಅಂತ ಗೊತ್ತಾದ್ರೆ ಜನ ಹತ್ತರಲ್ಲೊಂದು ಪಾಲೇ ಹುಷಾರಾಗಿರ್ತಾರಮ್ಮ” ಎನ್ನುವುದು ಫಾಲಾಕ್ಷನ ವಾದ. ಮನುಷ್ಯ ಸ್ವಭಾವದ ವಿಷಯದಲ್ಲಿ ಅವನ ಲೆಕ್ಕ ಸಾಮಾನ್ಯವಾಗಿ ತಪ್ಪುತ್ತಿರಲಿಲ್ಲ.

ಇಷ್ಟೆಲ್ಲ ಕಾವಲಿದ್ದರೂ ಇದಕ್ಕೆ ಸಿಕ್ಕದ ಕಳ್ಳನೊಬ್ಬನಿದ್ದ. ಅದು ನೀರುಗುಳ್ಳೆ. ಸಕ್ಕರೆ ಕಾಯಿಲೆಯವರಲ್ಲಿ ಕೆಲವರಿಗೆ, ಸುಡದೆ, ಉಜ್ಜದೆ, ಕಾರಣವೇ ಇಲ್ಲದೆ ಕಾಲಲ್ಲೋ ಕೈಯಲ್ಲೋ ಗುಳ್ಳೆ ಏಳುತ್ತದೆ. ಮಲಗುವಾಗ ಇರುವುದಿಲ್ಲ, ಏಳುವಾಗ ಇರುತ್ತದೆ. ಒಳಗೆ ತಿಳಿನೀರು; ಸುತ್ತ ಕೆಂಪಿಲ್ಲ, ನೋವಿಲ್ಲ. ನೋವೇ ಇಲ್ಲದ ಮೇಲೆ ನೋವನ್ನು ಸಾಗಿಸುವ ಯಂತ್ರ ತಾನೇ ಏನು ಮಾಡೀತು?

ಅಂಬುಜಾ ಅದನ್ನು ಕಂಡುಹಿಡಿದದ್ದು ನಾಲ್ಕನೆಯವರ ಪಾದದಲ್ಲಿ. ಒಂದು ದಿನ ಅವರು ಜಲ್ಲಿ ಚೆಲ್ಲಿದ ರಸ್ತೆಯಲ್ಲಿ ನಡೆಯುತ್ತಿದ್ದರು. ತೆಳು ಚಪ್ಪಲಿಯೊಳಗಿಂದ ಒಂದೊಂದು ಕಲ್ಲೂ ಎಣಿಸುವಂತೆ ಒತ್ತುತ್ತಿತ್ತು. ಎಡ ಹಿಮ್ಮಡಿಯ ಮಗ್ಗುಲಲ್ಲಿ ಮಾತ್ರ, ಐದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ, ಏನೂ ಇರಲಿಲ್ಲ. ಒಳಗೆ ತುಂಬಿದ ನೀರು ಮೆತ್ತೆಯ ಹಾಗೆ ಕಲ್ಲನ್ನು ನುಂಗುತ್ತಿತ್ತು.

“ಬಿಸಿ ಇಲ್ಲ, ಒತ್ತಿಲ್ಲ. ಏನೂ ಇಲ್ದೇ ಇರೋದನ್ನ ಏನಂತ ಬರೀಲಿ?” ಎಂದು ಫಾಲಾಕ್ಷ ರೇಗಿದ. ಆದರೂ ಆಸ್ಪತ್ರೆಗೆ ಹೇಳಿ ಕಳಿಸಿದ. ಅಲ್ಲಿ ನೋಡಿದರೆ ಗುಳ್ಳೆ. ಒಡೆಯಬೇಡಿ ಎಂದು ಮೇಲೆ ಬಟ್ಟೆ ಸುತ್ತಿ ಕಳಿಸಿದರು, ತಿಂಗಳೊಳಗೆ ತಾನೇ ಒಣಗಿತು. ಅಂದಿನಿಂದ ಪರದೆಯ ಮೇಲೆ ಐದನೆಯ ಗುರುತು ಬಂತು: ಮಂದ. ಅಂಬುಜಾಗೆ ಇದರಿಂದ ಒಂದು ಪ್ರಶಸ್ತಿಪತ್ರವೂ, ಜೊತೆಯವರಿಂದ ‘ಮಂದಮ್ಮ’ ಎಂಬ ಅಡ್ಡಹೆಸರೂ ಸಿಕ್ಕಿದವು.

ಆರನೆಯದು ಒಬ್ಬ ಹೆಂಗಸಿನ ಕೈ. ಬೆಳಿಗ್ಗೆ ಪಾತ್ರೆ ತಿಕ್ಕುವುದು, ಮಧ್ಯಾಹ್ನ ಮುದ್ದೆ ಉಣ್ಣುವುದು, ಸಂಜೆ ಹೂ ಕಟ್ಟುವುದು, ಇಷ್ಟೇ. ಎಂಟು ತಿಂಗಳಲ್ಲಿ ಆ ಕೈ ಒಮ್ಮೆಯೂ ಅವಳನ್ನು ಸುಟ್ಟಿರಲಿಲ್ಲ. ಆರರಲ್ಲಿ ಅದೇ ಹಿತವಾದದ್ದು. ಅದರ ಸರದಿ ಬಂದರೆ ಅಂಬುಜಾಗೆ ಬಿಸಿಲಲ್ಲಿ ನಡೆದು ನೆರಳಿಗೆ ಬಂದ ಹಾಗಾಗುತ್ತಿತ್ತು.

ಒಂದು ಮಂಗಳವಾರ ಮಧ್ಯಾಹ್ನ ಮುದ್ದೆಯ ಹೊತ್ತಿಗೆ ಆ ಕೈ ತುತ್ತು ಮುರಿಯಿತು, ಉರುಳಿಸಿತು, ಸಾರಿಗೆ ಅದ್ದಿತು. ಹೆಬ್ಬೆರಳಿಗೆ ಬಿಸಿ ತಾಗಿತು, ನಡುಬೆರಳಿಗೆ ತಾಗಿತು. ತೋರುಬೆರಳಿನ ತುದಿಯಲ್ಲಿ ಏನೂ ಇಲ್ಲ. ಮತ್ತೊಂದು ತುತ್ತು, ಆಗಲೂ ಇಲ್ಲ. ಅಂಬುಜಾ ‘ಮಂದ’ ಒತ್ತಿದಳು. ಆಸ್ಪತ್ರೆಗೆ ಹೋಗಿ ಎಂಬ ಸಂದೇಶ ಕೇಂದ್ರದಿಂದ ಹೋಯಿತು. ಅರ್ಧ ಗಂಟೆಯಲ್ಲಿ ಬಂದ ಉತ್ತರವನ್ನು ಫಾಲಾಕ್ಷ ಓದಿ ಹೇಳಿದ.

“‘ಬಿಸಿನೀರಿನ ಬೊಬ್ಬೆ. ಗೂಡಿನ ಕೆಲಸದಾಗೆ ಇದು ಇದ್ದದ್ದೇ. ಸೂಜಿ ಹಾಕಿ ನೀರು ಬಿಟ್ಟಿವ್ನಿ, ಇಳೀತದೆ.’ ಮುಗೀತಲ್ಲ ಅಂಬುಜಾ?”

“ಯಾವ ಬಿಸಿನೀರು ಸಾರ್?”

“ಗೂಡು ಅಂದ್ರೆ ರೇಷ್ಮೆಗೂಡು. ನೂಲು ತೆಗೆಯೋರು ಕುದಿಯೋ ನೀರಲ್ಲೇ ಕೈ ಆಡಿಸ್ಬೇಕಲ್ಲ.”

“ಎಂಟು ತಿಂಗಳಿಂದ ಆ ಕೈ ನನ್ನ ಹತ್ರ ಇದೆ. ಒಂದು ದಿನಾನೂ ಬಿಸಿನೀರು ಬಂದಿಲ್ಲ.”

ಹಳೆಯ ದಾಖಲೆ ತೆಗೆದು ನೋಡಿದಾಗ ಅವಳಿಗೆ ಅರ್ಥವಾಯಿತು. ದಿನವೂ ಒಂಬತ್ತಕ್ಕೆ ಆ ಪಟ್ಟಿ ಕೈಯಿಂದ ಕಳಚುತ್ತಿತ್ತು. ಒಂದು ಗಂಟೆಗೆ ಕೈಗೇರುತ್ತಿತ್ತು, ಎರಡಕ್ಕೆ ಮತ್ತೆ ಕಳಚಿ ಐದಕ್ಕೆ ಮರಳುತ್ತಿತ್ತು. ಪಟ್ಟಿ ಕಳಚಿದಾಗೆಲ್ಲ ಯಂತ್ರ ಕಾರಣ ಕೇಳುತ್ತದೆ: ಸ್ನಾನ, ನಿದ್ದೆ, ಇತರೆ. ‘ಇತರೆ’ ಒತ್ತಿದರೆ ಮೂರು ಸಾಲಿನ ವಿವರ ಬರೆಯಬೇಕು. ಅದಕ್ಕೆ ಬೇಸತ್ತು ಕೇಂದ್ರದ ಸಹಾಯಕಿಯರೆಲ್ಲ ಕಣ್ಣುಮುಚ್ಚಿ ‘ಸ್ನಾನ’ ಒತ್ತುತ್ತಿದ್ದರು. ಅಂಬುಜಾ ಎಂಟು ತಿಂಗಳಿಂದ, ದಿನಕ್ಕೆರಡು ಬಾರಿ, ಒಬ್ಬ ಹೆಂಗಸಿಗೆ ದಿನಕ್ಕೆ ಏಳು ಗಂಟೆ ಸ್ನಾನ ಮಾಡಿಸಿದ್ದಳು. ಮಂದವನ್ನು ಕಂಡುಹಿಡಿದವಳು ಎಂಬ ಜಂಬ ಅಲ್ಲಿಗೆ ಇಳಿಯಿತು.

“ಹೆಸರು ಹೇಳಿ ಸಾರ್, ಹೋಗಿ ನೋಡ್ಕೊಂಡು ಬರ್ತೀನಿ.”

“ನಿಯಮ ಗೊತ್ತಲ್ಲ” ಎಂದ ಫಾಲಾಕ್ಷ.

ಸಂಜೆ ಮನೆಯಲ್ಲಿ ಅವಳು ಚಪಾತಿ ಸುಡುವಾಗ ಎರಡು ಸಲ ಕೈಯನ್ನು ಕಾವಲಿಗೆ ತಾಗಿಸಿಕೊಂಡಳು. ಅತ್ತೆ ಶೇಷಮ್ಮ ಸೊಪ್ಪು ಸೋಸುತ್ತ ಕೂತಿದ್ದವರು ಲಟ್ಟಣಿಗೆ ಕಸಿದುಕೊಂಡರು. “ಊರವರ ಕೈಯೆಲ್ಲ ಹೊತ್ಕೊಂಡು ಮನೆಗೆ ಬರ್ತೀಯ, ನಿನ್ನ ಕೈ ಎಲ್ಲಿ ಬಿಟ್ಟು ಬಂದೆ?”

ಅಂಬುಜಾ ವಿಷಯ ಹೇಳಿದಳು. ಯಾಕೆ ಪಟ್ಟಿ ತೆಗೆದಿಡುತ್ತಾಳೋ ತಿಳಿಯದು ಅಂದಳು.

“ಇನ್ಯಾಕೆ? ಪಟ್ಟಿ ನೀರಿಗೆ ಬಿದ್ದು ಕೆಟ್ಟರೆ ಕೇಂದ್ರದೋರು ಬೈತಾರೆ ಅಂತ. ಮೈ ಕೆಟ್ಟರೆ ಯಾರೂ ಬಯ್ಯಲ್ಲವಲ್ಲ” ಎಂದರು ಶೇಷಮ್ಮ. ಅವರಿಗೆ ಯಾವ ಪ್ರಶ್ನೆಗೂ ಉತ್ತರ ಸಿದ್ಧವಿರುತ್ತಿತ್ತು.

ಮರುದಿನ ಬೆಳಿಗ್ಗೆ ಆರನೆಯ ಕೈ ಪಾತ್ರೆ ತಿಕ್ಕುವಾಗ ತೋರುಬೆರಳಿನ ಸುತ್ತ ಬಿಸಿಯಿತ್ತು. ನೀರು ತಣ್ಣಗಿತ್ತು, ಪಾತ್ರೆ ತಣ್ಣಗಿತ್ತು; ಬಿಸಿ ಒಳಗಿಂದ ಬರುತ್ತಿತ್ತು. ಗಾಯ ಕೀವಾಗುವಾಗ ಬರುವ ಬಿಸಿ ಅದು, ಮೂರು ಜನರ ಕಾಲಲ್ಲಿ ಅವಳು ಅದನ್ನು ಉಂಡಿದ್ದಳು. ಒಂಬತ್ತಕ್ಕೆ ಸರಿಯಾಗಿ ಪಟ್ಟಿ ಕಳಚಿತು. ಯಂತ್ರ ಕಾರಣ ಕೇಳಿತು. ಅಂಬುಜಾ ಕೈಗವಸು ಬಿಚ್ಚಿ ಫಾಲಾಕ್ಷನ ಮೇಜಿನ ಮುಂದೆ ನಿಂತಳು.

“ಅವರು ಈಗ ಆ ಬೆರಳನ್ನ ಹುಳು ಬೆಂದ ನೀರಿಗೆ ಹಾಕ್ತಿದ್ದಾರೆ ಸಾರ್.”

ಫಾಲಾಕ್ಷ ಅವಳ ಮುಖ ನೋಡಿದ. ಆಮೇಲೆ ತನ್ನ ಪರದೆಯಲ್ಲಿ ಏನೋ ತೆರೆದು, ಪರದೆಯನ್ನು ಅವಳ ಕಡೆಗೆ ತಿರುಗಿಸಿದ. “ನಾನು ಕಾಫಿ ಕುಡಿದು ಬರ್ತೀನಿ” ಎಂದು ಎದ್ದು ಹೋದ. ನಿಯಮ ಮುರಿಯದೆ ನಿಯಮ ದಾಟುವ ದಾರಿ ಆಫೀಸಿನಲ್ಲಿ ನರೆತವರಿಗೆ ಗೊತ್ತಿರುತ್ತದೆ.

ಗಂಗುಲಮ್ಮ, ಐವತ್ತೆರಡು ವರ್ಷ, ಶಿಡ್ಲಘಟ್ಟ. ಬಸ್ಸಿನಲ್ಲಿ ಮುಕ್ಕಾಲು ಗಂಟೆ.

ರೇಷ್ಮೆ ನೂಲು ತೆಗೆಯುವ ಫಿಲೇಚರ್ ಪೇಟೆಯ ಹಿಂದಿನ ಓಣಿಯಲ್ಲಿತ್ತು. ನೂಲು ತೆಗೆಯುವ ಯಂತ್ರಗಳು ಬಂದು ಎಷ್ಟೋ ವರ್ಷವಾಗಿದ್ದರೂ ಜೋಡಿಗೂಡಿಗೆ ಮಾತ್ರ ಮನುಷ್ಯರ ಕೈಯೇ ಬೇಕು. ಎರಡು ಹುಳು ಒಂದೇ ಗೂಡಿನೊಳಗೆ ಸುತ್ತಿಕೊಂಡಿದ್ದರೆ ಎಳೆಯ ತುದಿ ಯಂತ್ರಕ್ಕೆ ಸಿಕ್ಕುವುದಿಲ್ಲ. ಹಬೆ, ಬೆಂದ ಹುಳುವಿನ ನಾತ, ಒಂದು ಸಾಲಿನಲ್ಲಿ ಎಂಟು ಹೆಂಗಸರು. ಕೊನೆಯ ತೊಟ್ಟಿಯ ಮುಂದೆ ಕೂತವಳ ಕೈ ನೀರಿನಲ್ಲಿ ಓಡಾಡುವ ರೀತಿ ಕಂಡ ಕೂಡಲೇ ಅಂಬುಜಾಗೆ ಯಾರನ್ನೂ ಕೇಳಬೇಕೆನಿಸಲಿಲ್ಲ. ಹೂ ಕಟ್ಟುವ ಕೈ ಅದೇ. ಮಿಕ್ಕವರು ಅದ್ದಿ ತೆಗೆದು, ಪಕ್ಕದ ತಣ್ಣೀರಿಗೆ ಅದ್ದಿ, ಮತ್ತೆ ಅದ್ದುತ್ತಿದ್ದರೆ ಗಂಗುಲಮ್ಮನ ಕೈ ಬಿಸಿನೀರಿನಿಂದ ಮೇಲೇಳುತ್ತಲೇ ಇರಲಿಲ್ಲ. ಪಕ್ಕದ ಗೋಡೆಯ ಮೊಳೆಗೆ, ಕರ್ಚೀಪಿನಲ್ಲಿ ಸುತ್ತಿ, ಪಟ್ಟಿಯನ್ನು ತೂಗುಹಾಕಿತ್ತು.

“ಅಮ್ಮ, ಕೈ ಸ್ವಲ್ಪ ತೋರಿಸಿ” ಎಂದಳು ಅಂಬುಜಾ.

ಆಸ್ಪತ್ರೆಯವಳೆಂದುಕೊಂಡು ಗಂಗುಲಮ್ಮ ಕೈ ಚಾಚಿದಳು. ತೋರುಬೆರಳಿನ ತುದಿಯಲ್ಲಿ ದ್ರಾಕ್ಷಿಯಷ್ಟಿದ್ದ ಗುಳ್ಳೆ ಜೋತುಬಿದ್ದಿತ್ತು. ಅದರ ಅಡ್ಡಕ್ಕೆ ಒಂದು ರೇಷ್ಮೆ ಎಳೆ ತೂರಿಸಿತ್ತು. ಬೊಬ್ಬೆ ಎದ್ದರೆ ಸೂಜಿಯಲ್ಲಿ ಎಳೆ ಪೋಣಿಸಿ, ಎಳೆಯನ್ನು ಒಳಗೇ ಬಿಟ್ಟರೆ ನೀರು ಜಿನುಗಿ ಇಳಿಯುತ್ತದೆ ಎನ್ನುವುದು ಈ ಕಸುಬಿನ ಹೆಂಗಸರು ತಲೆತಲಾಂತರದಿಂದ ಮಾಡುವ ಔಷಧ. ಸುಟ್ಟ ಬೊಬ್ಬೆಗೆ ಅದು ನಡೆಯುತ್ತಿತ್ತೋ ಏನೋ. ಇಲ್ಲಿ ಎಳೆ ಹೋದ ದಾರಿಯಲ್ಲೇ ತೊಟ್ಟಿಯ ನೀರೂ ಒಳಕ್ಕೆ ಹೋಗಿತ್ತು. ಬೆರಳು ಎರಡನೆಯ ಗೆಣ್ಣಿನವರೆಗೆ ಊದಿ, ತುದಿ ನೇರಳೆಗೆ ತಿರುಗಿತ್ತು.

“ಇದು ಸುಟ್ಟದ್ದಲ್ಲಮ್ಮ. ಸಕ್ಕರೆ ಕಾಯಿಲೆಗೆ ತಾನಾಗೇ ಏಳೋ ಗುಳ್ಳೆ.”

“ಬಿಡಮ್ಮ, ಮೂವತ್ತು ವರ್ಷದಿಂದ ಬೊಬ್ಬೆ ನೋಡ್ತಾ ಇವ್ನಿ.”

“ನೀರು ಬಿಸಿ ಅನ್ಸುತ್ತಾ ನಿಮಗೆ?”

“ಮೂರು ವರ್ಷ ಆಯ್ತು, ಏನೂ ಅನ್ಸಲ್ಲ.” ಗಂಗುಲಮ್ಮನ ಮುಖದಲ್ಲಿ ಹೆಮ್ಮೆ ಕಂಡಿತು. “ಅದಕ್ಕೇ ಈ ಸಾಲ್ನಾಗೆ ನನ್ನಷ್ಟು ಬಿರ್ರನೆ ಎಳೆ ಹಿಡಿಯೋರು ಯಾರೂ ಇಲ್ಲ. ಇವರೆಲ್ಲ ಹಾ ಹೂ ಅಂದು ಕೈ ಎತ್ತೋ ಅಷ್ಟೊತ್ತಿಗೆ ನಂದು ಎರಡು ಗೂಡು ಮುಗೀತದೆ.”

“ಮತ್ತೆ ಈ ಪಟ್ಟಿ? ಕೆಲಸದ ಹೊತ್ತಲ್ಲೇ ಯಾಕೆ ತೆಗೆದಿಡ್ತೀರಿ?”

ಗಂಗುಲಮ್ಮ ಮೊಳೆಯ ಕಡೆ ನೋಡಿ, ದನಿ ತಗ್ಗಿಸಿದಳು. “ಅಲ್ಲಮ್ಮ, ನಮ್ಮ ಕೈಗೆ ಆಗಿದ್ದೆಲ್ಲ ಅಲ್ಲಿ ಯಾರೋ ಹೆಣ್ಣುಮಗಳಿಗೆ ಆಗ್ತದಂತೆ, ಚೀಟಿನಾಗೇ ಬರ್ದವ್ರೆ. ಇದು ಕುದಿಯೋ ನೀರು. ನನಗೇನೋ ಗೊತ್ತಾಗಲ್ಲ, ಹೊಟ್ಟೆಪಾಡಿಗೆ ಅದ್ದುತೀನಿ. ಅವಳ್ಯಾರ ಮಗಳೋ ಏನೋ. ಅವಳ ಕೈ ಬೇಯಿಸಿ ನಾನು ಯಾವ ನರಕಕ್ಕೆ ಹೋಗ್ಲಿ?”

ಆ ಕೈ ಹಿತವಾಗಿದೆ ಎಂದು ಅಂಬುಜಾ ಎಂಟು ತಿಂಗಳು ಆರಾಮವಾಗಿ ಕೂತಿದ್ದಳಲ್ಲ, ಆ ಹಿತ ಎಲ್ಲಿಂದ ಬಂದದ್ದು ಎಂದು ತಿಳಿದು ಅವಳಿಗೆ ನಾಚಿಕೆಯಾಯಿತು.

“ಅವಳು ನಾನೇ ಅಮ್ಮ” ಎಂದಳು. “ಪೂರ್ತಿ ಬಿಸಿ ಬರಲ್ಲ ನನಗೆ. ಹತ್ತರಲ್ಲೊಂದು ಪಾಲು. ಉಗುರುಬೆಚ್ಚಗಿನ ನೀರಿನಷ್ಟು.”

ಗಂಗುಲಮ್ಮ ಅವಳ ಎರಡು ಕೈಯನ್ನೂ ಹಿಡಿದು, ತಿರುಗಿಸಿ ನೋಡಿದಳು. ಎಲ್ಲೂ ಕಲೆಯಿರಲಿಲ್ಲ.

“ಹಂಗಂತ ಯಾರೂ ಹೇಳ್ಲೇ ಇಲ್ವಲ್ಲಮ್ಮ” ಎಂದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಇಂತಿಯಾಜ್ ಎಳೆಯನ್ನು ಚಿಮಟದಿಂದ ಎಳೆದು ತೆಗೆದು ದೀಪಕ್ಕೆ ಹಿಡಿದು ನೋಡಿದರು. ಅವರು ಯಾರನ್ನೂ ಬಯ್ಯುವ ಪೈಕಿಯಲ್ಲ. “ಮುಟ್ಟದೇ ಬಿಟ್ಟಿದ್ರೆ ನಾಲ್ಕು ವಾರಕ್ಕೆ ಉದುರಿ ಹೋಗ್ತಿತ್ತು. ಗುಳ್ಳೆಯಿಂದ ಅಪಾಯ ಇಲ್ಲ, ತೂತಿನಿಂದ ಅಪಾಯ” ಎಂದರು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡ ಹಾಗೆ, ಏನೂ ಮಾಡದಿದ್ದರೆ ತಾನೇ ಹೋಗುತ್ತಿದ್ದ ಗುಳ್ಳೆಗೆ ಈಗ ಕತ್ತಿ ಬೇಕಾಗಿತ್ತು.

“ಬೆರಳು ಉಳೀತದಾ ಸ್ವಾಮಿ?” ಎಂದು ಗಂಗುಲಮ್ಮ ಕೇಳಿದಳು. “ಎಳೆ ಸಿಗೋದು ಈ ಬೆರಳಿಗೇ. ಇದು ಹೋದ್ರೆ ನಾನು ಗೂಡು ಬೇಯಿಸಿ ಕೊಡೋಳಾಗ್ತೀನಿ ಅಷ್ಟೇ.”

ಮೊದಲ ಗೆಣ್ಣಿನವರೆಗೆ ತೆಗೆದರು. ಕೈ ಉಳಿಯಿತು. ಇನ್ನೆರಡು ದಿನ ತಡವಾಗಿದ್ದರೆ ಮಣಿಕಟ್ಟಿನ ಮಾತಾಡಬೇಕಾಗುತ್ತಿತ್ತು ಎಂದು ಡಾಕ್ಟರು ಹೇಳಿದ್ದನ್ನು ಗಂಗುಲಮ್ಮ ಸಮಾಧಾನವೆಂದು ತೆಗೆದುಕೊಳ್ಳಲಿಲ್ಲ. ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಇಲ್ಲದ ತುದಿಯನ್ನೇ ನೋಡುತ್ತ ಕೂತಿದ್ದಳು.

ಅಂಬುಜಾ ಕೇಂದ್ರಕ್ಕೆ ಮರಳಿ ವರದಿ ಬರೆದಳು. ‘ಸ್ನಾನ’ದ ವಿಷಯವನ್ನೂ ಬಿಡದೆ ಬರೆದಳು. ಅವಳಿಗೆ ಒಂದು ಎಚ್ಚರಿಕೆ ಪತ್ರ ಬಂತು. ಚೀಟಿಯಲ್ಲಿ ‘ಹತ್ತರಲ್ಲೊಂದು ಪಾಲು ಮಾತ್ರ’ ಎಂದು ಸೇರಿಸಲು ಒಪ್ಪಿಗೆಯೂ ಬಂತು. ಹೊಸ ಚೀಟಿ ಹಂಚಿದ ತಿಂಗಳು ಜಿಲ್ಲೆಯಲ್ಲಿ ಕಾಲಿನ ಗಾಯಗಳು ಆರರಲ್ಲೊಂದು ಪಾಲು ಹೆಚ್ಚಿದವು. ಮುದುಕರು ಹಿತ್ತಲಿಗೆ ಮತ್ತೆ ಬರಿಗಾಲಲ್ಲಿ ಹೊರಟಿದ್ದರು. ಫಾಲಾಕ್ಷ ಆ ಅಂಕಿಯ ಹಾಳೆಯನ್ನು ತಂದು ಅವಳ ಮುಂದಿಟ್ಟು ಹೋದ. ನಿಜ ಹೇಳಿದ್ದಕ್ಕೆ ಗಾಯಗೊಂಡವರನ್ನೂ ಹೇಳದೆ ಇದ್ದುದಕ್ಕೆ ಬೆರಳು ಕಳಕೊಂಡವಳನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗುವುದೆಂದು ಅವಳಿಗೆ ತಿಳಿಯಲಿಲ್ಲ. ಚೀಟಿ ಹಾಗೇ ಉಳಿಯಿತು.

ಬೆರಳು ತೆಗೆದ ಏಳನೆಯ ವಾರ ಗಂಗುಲಮ್ಮ ಕೆಲಸಕ್ಕೆ ಹೋದಳು. ಅರ್ಧ ದಿನ ಮಾತ್ರ, ಮಣಿಕಟ್ಟಿನ ಪಟ್ಟಿ ಬಿಚ್ಚಕೂಡದು ಎಂಬ ಷರತ್ತಿನ ಮೇಲೆ ಡಾಕ್ಟರು ಬಿಟ್ಟಿದ್ದರು. ರಬ್ಬರ್ ಕೈಗವಸು ತೊಟ್ಟರೆ ಎಳೆ ಸಿಕ್ಕುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಳು. ಆ ದಿನ ಒಂಬತ್ತು ಗಂಟೆಗೆ ಅಂಬುಜಾ ಉಳಿದ ಐವರನ್ನು ಪಕ್ಕದವಳಿಗೆ ಒಪ್ಪಿಸಿ, ಆರನೆಯ ಕೈಯನ್ನಷ್ಟೇ ತೊಟ್ಟು ಕೂತಳು. ಪಟ್ಟಿ ಕಳಚಲಿಲ್ಲ. ಒಂಬತ್ತಾಗಿ ಹತ್ತು ನಿಮಿಷಕ್ಕೆ ಮೊದಲ ಬಾರಿಗೆ ಬಿಸಿನೀರು ಬಂತು. ಹೆಬ್ಬೆರಳು, ನಡುಬೆರಳು, ಮೊಂಡಾದ ತೋರುಬೆರಳು. ಉಗುರುಬೆಚ್ಚಗೆ, ಅಷ್ಟೇ. ನೀರೊಳಗೆ ನಡುಬೆರಳು ಹೊಸದಾಗಿ ಕಲಿಯುವವರ ಹಾಗೆ ಅಲ್ಲಲ್ಲಿ ತಡಕಾಡುತ್ತಿತ್ತು. ತಡಕಿ ತಡಕಿ, ಕೂದಲಿಗಿಂತ ತೆಳುವಾದ ಒಂದು ಎಳೆ ಬೆರಳಿಗೆ ತಗುಲಿತು. ಅಂಬುಜಾ ತನಗೇ ಸಿಕ್ಕಿತೆಂಬಂತೆ ಉಸಿರು ಬಿಟ್ಟಳು.

ಆಮೇಲೆ ಕೈ ನೀರಿನಿಂದ ಮೇಲೆದ್ದಿತು. ಹಿಂದೆಂದೂ ಮೇಲೇಳದಿದ್ದ ಕೈ ಅದು. ಒದ್ದೆ ಬೆರಳುಗಳ ಮೇಲೆ ಏನೋ ತಣ್ಣಗೆ ಹಾಯಿತು, ನಿಂತಿತು, ಮತ್ತೆ ಹಾಯಿತು. ಗಾಳಿಯಾದರೆ ಹೀಗೆ ಬಿಟ್ಟು ಬಿಟ್ಟು ಬರುವುದಿಲ್ಲ. ಕೈ ನೀರಿಗಿಳಿದು ಇನ್ನೊಂದು ಗೂಡು ಹಿಡಿಯಿತು, ಮೇಲೆದ್ದಿತು. ಮತ್ತೆ ಆ ತಂಪು. ಒಂದೊಂದು ಗೂಡಿಗೂ ಹಾಗೆಯೇ. ಹೀಗೆ ನಿಂತು ನಿಂತು ಮಾಡಿದರೆ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ಬೀಳುತ್ತಾಳಲ್ಲ ಎಂದು ಅಂಬುಜಾ ಅಂದುಕೊಂಡಳು. ಹತ್ತರಲ್ಲೊಂದು ಪಾಲೆಂದು ಗಂಗುಲಮ್ಮನಿಗೆ ಹೇಳಿ ಆಗಿತ್ತು. ಅವಳಿಗಂತೂ ಆ ಬೆರಳುಗಳಲ್ಲಿ ಬಿಸಿಯೂ ತಿಳಿಯದು, ತಂಪೂ ತಿಳಿಯದು.

ಯಂತ್ರದ ಐದು ಗುರುತುಗಳಲ್ಲಿ ಈ ತಂಪಿಗೆ ಒಂದೂ ಇರಲಿಲ್ಲ. ಪರದೆ ಮಿನುಗುತ್ತ ಗುರುತು ಕೇಳುತ್ತಲೇ ಇತ್ತು. ಫಾಲಾಕ್ಷ ಎದ್ದು ಬಂದು ಅವಳ ಹೆಗಲ ಹಿಂದೆ ನಿಂತ.

“ಆರನೆಯದರಲ್ಲಿ ಏನೋ ತಪ್ಪು ಬರ್ತಿದೆಯಲ್ಲ. ಪೊರೆ ಕೆಟ್ಟಿದೆಯಾ?”

“ಇಲ್ಲ ಸಾರ್.” ಅಂಬುಜಾಗೆ ಕಣ್ಣು ತುಂಬಿ ಪರದೆ ಕಾಣುತ್ತಿರಲಿಲ್ಲ. “ಊದ್ತಿದ್ದಾರೆ.”

“ಏನನ್ನ?”

“ನನ್ನ ಕೈಯನ್ನ.”